ಕಾಂಟಾ ಕಂಪ್ಯೂಟರಿನ ಅರ್ಧ ಬದಲಾದ ಗುರುತು: ಕಲಬುರಗಿಯ ಒಂದು ದಾಲ್ ಮಿಲ್ಲಿನ ಪ್ರಕರಣ

ಯೂಸರ್ ಒಬ್ಬನೇ, ಫೈಲೂ ಒಂದೇ. ಕೈಯಾರೆ ಕಮಾಂಡ್ ಕೊಟ್ಟರೆ ಫೈಲ್ ತೆರೆಯುತ್ತದೆ; ಅದೇ ಯೂಸರ್ ಹೆಸರಿನಲ್ಲಿ ಓಡುತ್ತಿರುವ ಪ್ರೋಗ್ರಾಂ ಕೇಳಿದರೆ ‘ಪರ್ಮಿಶನ್ ಡಿನೈಡ್’ ಎಂಬ ಉತ್ತರ. ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ತೊಡಕು ಇದು. ಕಲಬುರಗಿ ಹೊರವಲಯದ ಒಂದು ದಾಲ್ ಮಿಲ್ಲಿನಲ್ಲಿ ಇದು ಒಂದು ಇಡೀ ಹಂಗಾಮು ಕಾಡಿತು. ಕೊನೆಗೆ ತೂಕದ ಚೀಟಿಯ ನಂಬಿಕೆಗೇ ಕುತ್ತು ತಂದಿತು. ಮಿಲ್ಲಿನ ಹೆಸರು, ಜನರ ಹೆಸರು, ಯಂತ್ರ ಮಾಡಿದವರ ಹೆಸರು, ವರ್ಷ ಯಾವುದನ್ನೂ ಇಲ್ಲಿ ಬರೆಯುತ್ತಿಲ್ಲ. ಯೂಸರ್ ಮತ್ತು ಗ್ರೂಪ್ ಹೆಸರುಗಳೂ ನಾನು ಇಟ್ಟವು. ಕರ್ನಲ್ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಂ) ಹೇಗೆ ನಡೆದುಕೊಂಡಿತು ಎಂಬುದು ಮಾತ್ರ ಇದ್ದದ್ದು ಇದ್ದಂತೆ.

ಹಿನ್ನೆಲೆ

ಕಲಬುರಗಿ ತೊಗರಿಯ ನಾಡು. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಡಿಸೆಂಬರ್ ಬಂತೆಂದರೆ ಮಿಲ್ಲುಗಳ ಮುಂದೆ ಟ್ರ್ಯಾಕ್ಟರು, ಲಾರಿಗಳ ಸಾಲು. ಒಳಗೆ ಹೋಗುವ ಗಾಡಿ ಕಾಂಟಾದ, ಅಂದರೆ ಗಾಡಿ ತೂಗುವ ತಕ್ಕಡಿಯ ಮೇಲೆ ನಿಲ್ಲಬೇಕು. ತುಂಬಿದ ತೂಕ ಒಮ್ಮೆ, ಖಾಲಿ ತೂಕ ಒಮ್ಮೆ. ಎರಡರ ವ್ಯತ್ಯಾಸವೇ ರೈತನ ದುಡ್ಡು. ಆದ್ದರಿಂದ ಕಾಂಟಾ ಚೀಟಿ ಎಂದರೆ ಇಲ್ಲಿ ಸಣ್ಣ ಕಾಗದವಲ್ಲ.

ಈ ಮಿಲ್ಲಿನ ಕಾಂಟಾ ಕೋಣೆಯಲ್ಲಿ ಉಬುಂಟು ಹಾಕಿದ ಒಂದು ಕಂಪ್ಯೂಟರ್ ಇತ್ತು. ತೂಕ ತೋರಿಸುವ ಡಬ್ಬಿಯಿಂದ ಸೀರಿಯಲ್ ಕೇಬಲ್, ಅದಕ್ಕೊಂದು ಯುಎಸ್‌ಬಿ ಅಡಾಪ್ಟರ್, ಅಲ್ಲಿಂದ ಕಂಪ್ಯೂಟರಿಗೆ. ಪ್ರೋಗ್ರಾಂ ಬರೆದಾಕೆ ಇಲ್ಲಿನದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ತರುಣಿ. ಸಿ ಭಾಷೆಯಲ್ಲಿ, ಅಚ್ಚುಕಟ್ಟಾಗಿ ಬರೆದಿದ್ದಳು. ಪ್ರೋಗ್ರಾಂ ತೂಕ ಓದಿ, ಚೀಟಿ ಮುದ್ರಿಸಿ, ಅದರ ಪ್ರತಿಯನ್ನು ಒಂದು ಫೋಲ್ಡರಿನಲ್ಲಿ ಇಟ್ಟು, ರೈತನ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸುತ್ತಿತ್ತು. ಆಫೀಸಿನ ಮುನೀಮರು ಬೆಳಿಗ್ಗೆ ಗಾಡಿ ನಂಬರು, ಅಡತಿ ಹೆಸರು, ಲಾಟ್ ನಂಬರುಗಳ ಪಟ್ಟಿಯನ್ನು ತಮ್ಮ ಫೋಲ್ಡರಿನಲ್ಲಿ ಇಡುತ್ತಿದ್ದರು. ಪ್ರೋಗ್ರಾಂ ಅದನ್ನು ಓದಿ ಚೀಟಿಯ ಮೇಲೆ ಹೆಸರು ಹಾಕಬೇಕು, ಮುನೀಮರು ಸಂಜೆ ಚೀಟಿಗಳ ಪ್ರತಿ ಓದಿ ಲೆಕ್ಕ ಹೊಂದಿಸಬೇಕು.

ಪ್ರೋಗ್ರಾಂ ಶುರುವಾಗುವಾಗ ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿರಬೇಕು ಎಂದು ಆಕೆ ಲೆಕ್ಕ ಹಾಕಿದ್ದಕ್ಕೆ ಮೂರು ಕಾರಣಗಳಿದ್ದವು. ಸೀರಿಯಲ್ ಪೋರ್ಟ್ ರೂಟ್‌ನದು, ಗ್ರೂಪ್ ಡಯಲ್‌ಔಟ್, ಪರವಾನಗಿ 0660 (ಒಡೆಯನೂ ಗ್ರೂಪೂ ಓದಿ ಬರೆಯಬಹುದು, ಉಳಿದವರಿಗೆ ಏನೂ ಇಲ್ಲ). ಆಫೀಸಿನ ಬ್ರೌಸರಿನಿಂದ ನೋಡಲು ಪ್ರೋಗ್ರಾಂ 80ನೇ ಪೋರ್ಟಿನಲ್ಲಿ ಕಾಯಬೇಕು. 1024ಕ್ಕಿಂತ ಕೆಳಗಿನ ಪೋರ್ಟುಗಳು ಸಾಮಾನ್ಯ ಯೂಸರ್‌ಗೆ ಸಿಗುವುದಿಲ್ಲ. ಎಸ್ಸೆಮ್ಮೆಸ್ ಸೇವೆಯ ಪಾಸ್‌ವರ್ಡ್ ಇರುವ ಫೈಲ್ ರೂಟ್ ಯೂಸರ್, ರೂಟ್ ಗ್ರೂಪಿನದು, 0640 (ಗ್ರೂಪಿಗೆ ಓದು ಮಾತ್ರ). ಇವನ್ನು ತೆರೆದಾದ ಮೇಲೆ ಪ್ರೋಗ್ರಾಂ ತನ್ನ ಗುರುತನ್ನು ‘ಕಾಂಟಾ’ ಎಂಬ ಯೂಸರ್‌ಗೆ ಇಳಿಸಿಕೊಳ್ಳುತ್ತಿತ್ತು. ಯೂಸರ್ ಸಂಖ್ಯೆ (ಯುಐಡಿ) 998, ಗ್ರೂಪ್ ಸಂಖ್ಯೆಯೂ (ಜಿಐಡಿ) 998. ರೂಟ್‌ನ ಸಂಖ್ಯೆ ಸೊನ್ನೆ. ಆಲೋಚನೆ ಸರಿಯಾದದ್ದೇ. ನೆಟ್‌ವರ್ಕಿಗೆ ಕಿವಿ ತೆರೆದ ಪ್ರೋಗ್ರಾಂ ರೂಟ್ ಆಗಿ ಉಳಿಯಬಾರದು ಎಂದು ತಿಳಿದು ಬರೆಯುವವರು ನಮ್ಮ ಕಡೆ ಕಡಿಮೆ. ಆಕೆ ತಿಳಿದೇ ಬರೆದಿದ್ದಳು.

ಸಮಸ್ಯೆ

ಎರಡು ದೂರುಗಳು ಬೇರೆ ಬೇರೆ ದಿನ ಬಂದವು, ಹಾಗಾಗಿ ಅವುಗಳಿಗೆ ಸಂಬಂಧವಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಒಂದು, ಮುನೀಮರಿಗೆ ಹೊಸ ಚೀಟಿಗಳ ಫೈಲ್ ಹೆಸರು ಕಾಣುತ್ತವೆ, ತೆರೆಯುವುದಿಲ್ಲ. ಇನ್ನೊಂದು, ಚೀಟಿಯ ಮೇಲೆ ಅಡತಿ ಹೆಸರು, ಲಾಟ್ ನಂಬರಿನ ಜಾಗ ಖಾಲಿ. ಮುನೀಮರು ಆಕೆಗೆ ಫೋನ್ ಮಾಡಿದರು: “ಯವ್ವಾ, ನಿನ್ನ ಕಂಪ್ಯೂಟರ್ ನನ್ನ ಪಟ್ಟಿ ಓದವಲ್ದು ನೋಡು. ಗಾಡಿ ಸಾಲ್ ಹಚ್ಚ್ಯಾವ.” “ಕಾಕಾ, ಹೊತ್ತಾಗಂಗಿಲ್ಲ, ಬರ್ತೀನ್ರಿ,” ಎಂದಳು ಆಕೆ.

ಲಾಗ್ ನೋಡಿದರೆ ಗೊಂದಲ ಇನ್ನೂ ಹೆಚ್ಚಿತು. ಪಟ್ಟಿ ಓದುವ ಮೊದಲು ಪ್ರೋಗ್ರಾಂ ‘ಆಕ್ಸೆಸ್’ ಎಂಬ ಸಿಸ್ಟಂ ಕಾಲ್‌ನಿಂದ (ಕರ್ನಲ್ಲಿಗೆ ಮಾಡುವ ಕೋರಿಕೆಯಿಂದ) ಓದಲು ಪರವಾನಗಿ ಇದೆಯೇ ಎಂದು ಕೇಳುತ್ತಿತ್ತು. ಉತ್ತರ: ಇದೆ. ಮರುಸಾಲಿನಲ್ಲೇ ‘ಓಪನ್’ ಸೋಲುತ್ತಿತ್ತು. ಇದೆ ಎಂದು ಹೇಳಿದ ಕರ್ನಲ್ಲೇ ಮರುಕ್ಷಣ ಇಲ್ಲ ಎನ್ನುವುದೆಂದರೆ ಡಿಸ್ಕ್ ಕೆಟ್ಟಿರಬೇಕು ಎಂದು ಊಹಿಸಿ ಡಿಸ್ಕ್ ಬದಲಿಸಿದರು. ಏನೂ ಬದಲಾಗಲಿಲ್ಲ.

ಆಮೇಲೆ ಯಂತ್ರ ನೋಡಿಕೊಳ್ಳುವ ತಂತ್ರಜ್ಞರು ಬಂದು ಎರಡೂ ಫೋಲ್ಡರಿಗೆ ಒಳಗೆಲ್ಲ 777, ಅಂದರೆ ಎಲ್ಲರಿಗೂ ಎಲ್ಲ ಪರವಾನಗಿ, ಹಾಕಿದರು. ಆ ಮಧ್ಯಾಹ್ನ ಎಲ್ಲ ಸರಿಯಾಯಿತು. ಮರುದಿನ ಹುಟ್ಟಿದ ಫೈಲುಗಳಿಗೆ ಮತ್ತೆ ಅದೇ ಕಥೆ. ಸರಿ, ಕೆಲವು ನಿಮಿಷಕ್ಕೊಮ್ಮೆ 777 ಹಾಕುವ ಕೆಲಸವನ್ನು, ಹೊತ್ತು ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ಗೆ ವಹಿಸಿದರು. ಆಮೇಲೆ ವಾರಗಟ್ಟಲೆ ಯಾರೂ ದೂರಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಅಪಾಯಕಾರಿ ಎನಿಸುವುದು ಆ ವಾರಗಳೇ. ಮಿಲ್ಲಿನ ಪ್ರತಿ ಚೀಟಿಯನ್ನೂ ಆ ಕಂಪ್ಯೂಟರಿನ ಯಾವ ಯೂಸರ್ ಬೇಕಾದರೂ ತಿದ್ದಬಹುದಾಗಿತ್ತು.

ತಿದ್ದಿಯೂ ಆಯಿತು. ಒಬ್ಬ ರೈತ ಮುದ್ರಿತ ಚೀಟಿ ಹಿಡಿದು ಬಂದ. ಆಫೀಸಿನ ಪ್ರತಿಯಲ್ಲಿ ನಿವ್ವಳ ತೂಕ ಕಡಿಮೆ ಇತ್ತು. “ಇದು ನಿಮ್ಮದೇ ಚೀಟಿ ಅದರೀ ಸಾವಕಾರ್ರ, ಕಂಪ್ಯೂಟರ್‌ದಾಗ ಬ್ಯಾರೆ ಹ್ಯಾಂಗ ಬರ್ತದ?” ಎಂಬ ಆತನ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಮಾಲೀಕರು ಕೈಯಲ್ಲಿದ್ದ ಚೀಟಿಯ ಪ್ರಕಾರವೇ ಹಣ ಕೊಟ್ಟರು. ಅದು ಅವರ ದೊಡ್ಡತನ. ವಿಚಾರಿಸಿದಾಗ, ಹಂಗಾಮಿಗೆಂದು ಬಂದಿದ್ದ ಒಬ್ಬ ಹುಡುಗ ಗಾಡಿ ನಂಬರು ತಿದ್ದಲು ಫೈಲ್ ತೆರೆದು, ತೂಕದ ಅಂಕಿಯ ಮೇಲೂ ಕೈಯಾಡಿಸಿ ಸೇವ್ ಮಾಡಿದ್ದು ತಿಳಿಯಿತು. ದುರುದ್ದೇಶ ಇರಲಿಲ್ಲ. ಆದರೆ ಆತನಾಗಿ ಒಪ್ಪಿಕೊಳ್ಳದಿದ್ದರೆ ತಿಳಿಯುವ ದಾರಿಯೇ ಇರಲಿಲ್ಲ. ಮಾಲೀಕರು ನನ್ನನ್ನು ಕರೆಸಿದ್ದು ಆಗ.

ಮೊದಲು ಮಾಡಿ ನೋಡಿದ್ದು

ನಾನು ಹೋಗುವಷ್ಟರಲ್ಲಿ ಕ್ರಾನ್ ಸಾಲನ್ನು ತೆಗೆಸಿ ಆಗಿತ್ತು. ಡೆವಲಪರ್ ತನ್ನದೇ ಎರಡು ಪ್ರಯತ್ನ ಮಾಡಿದ್ದಳು. ಎರಡೂ ತಿಳಿವಳಿಕೆಯ ಪ್ರಯತ್ನಗಳೇ.

ಮೊದಲನೆಯದು, ಮುನೀಮರ ಪಟ್ಟಿಯ ಗ್ರೂಪ್ ‘ಲೆಕ್ಕ’ ಆಗಿದ್ದರಿಂದ ಕಾಂಟಾ ಯೂಸರ್‌ನನ್ನು ಯೂಸರ್‌ಮಾಡ್ ಕಮಾಂಡಿನಿಂದ ಲೆಕ್ಕ ಗ್ರೂಪಿಗೆ ಸೇರಿಸಿದ್ದು. ಓಡುತ್ತಿರುವ ಪ್ರೊಸೆಸ್ಸಿಗೆ (ಚಾಲನೆಯಲ್ಲಿರುವ ಪ್ರೋಗ್ರಾಮಿಗೆ) ಇದು ತಾಗುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಗ್ರೂಪುಗಳ ಪಟ್ಟಿ ಗುರುತಿನ ಚೀಟಿಯ ಮೇಲೆ ಅಚ್ಚಾದ ಬರಹದ ಹಾಗೆ. ಕಚೇರಿಯ ರಿಜಿಸ್ಟರಿನಲ್ಲಿ ತಿದ್ದಿದರೆ ಜೇಬಿನಲ್ಲಿರುವ ಚೀಟಿ ತಾನಾಗಿ ತಿದ್ದಿಕೊಳ್ಳುವುದಿಲ್ಲ, ಹೊಸದು ಮಾಡಿಸಬೇಕು. ಅದಕ್ಕೇ ಆಕೆ ಸರ್ವಿಸನ್ನು ಮರುಚಾಲೂ ಮಾಡಿದಳು. ಆದರೂ ಪಟ್ಟಿ ಓದಲಿಲ್ಲ. ಬೇರೆ ಯೂಸರ್ ಆಗಿ ಕಮಾಂಡ್ ಓಡಿಸುವ ಸುಡೊದಿಂದ ಕಾಂಟಾ ಯೂಸರ್ ಆಗಿ ಅದೇ ಫೈಲನ್ನು ಕೈಯಾರೆ ತೆರೆದರೆ ಸರಾಗವಾಗಿ ತೆರೆಯಿತು. ಮೊದಲ ಸಾಲಿನಲ್ಲಿ ನಾನು ಹೇಳಿದ ತೊಡಕು ಇದೇ.

ಎರಡನೆಯದು, ಚೀಟಿಗಳ ಫೋಲ್ಡರಿಗೆ ಲೆಕ್ಕ ಗ್ರೂಪ್ ಕೊಟ್ಟು ಸೆಟ್‌ಜಿಐಡಿ ಬಿಟ್ ಹಾಕಿದ್ದು. ಫೋಲ್ಡರಿನ ಮೇಲೆ ಈ ಬಿಟ್ ಇದ್ದರೆ ಒಳಗೆ ಹುಟ್ಟುವ ಫೈಲುಗಳಿಗೆ ಪ್ರೊಸೆಸ್ಸಿನ ಗ್ರೂಪ್ ಬದಲು ಫೋಲ್ಡರಿನ ಗ್ರೂಪೇ ಬರುತ್ತದೆ. ಇದು ಕೆಲಸ ಮಾಡಿತು, ಮುನೀಮರು ಚೀಟಿ ಓದತೊಡಗಿದರು. ಈ ಗೆಲುವೇ ತನಿಖೆಯನ್ನು ದಾರಿ ತಪ್ಪಿಸಿತು ಎಂದು ನನ್ನ ಅಭಿಪ್ರಾಯ. ಬಿಟ್ ಹಾಕುವ ಮೊದಲು ಚೀಟಿ ಫೈಲುಗಳ ಒಡೆಯ ಕಾಂಟಾ, ಗ್ರೂಪ್ ರೂಟ್ ಎಂದಿತ್ತು. ಕಾಂಟಾ ಗ್ರೂಪಿಗೆ ಇಳಿದ ಪ್ರೊಸೆಸ್ ಬರೆದ ಫೈಲಿಗೆ ರೂಟ್ ಗ್ರೂಪ್ ಏಕೆ ಬಂತು? ಇಡೀ ಪ್ರಕರಣದ ಕೀಲಿ ಆ ಒಂದು ಪದದಲ್ಲಿತ್ತು. ಬಿಟ್ ಹಾಕಿದ ಮೇಲೆ ಆ ಸುಳಿವು ಕಣ್ಣಿಗೆ ಬೀಳದಂತಾಯಿತು.

ನಡುವೆ ತಂತ್ರಜ್ಞರು, 777 ಹಾಕುವ ಶೆಲ್ ಸ್ಕ್ರಿಪ್ಟಿಗೇ ಸೆಟ್‌ಯುಐಡಿ ಬಿಟ್ ಹಾಕಿ ಮುನೀಮರ ಕೈಗೆ ಕೊಡೋಣ ಎಂದಿದ್ದರಂತೆ. ಸೆಟ್‌ಯುಐಡಿ ಬಿಟ್ ಹಳೆಯ, ಜಾಣ ಉಪಾಯ: ಯಾರು ಓಡಿಸಿದರೂ ಪ್ರೋಗ್ರಾಂ ತನ್ನ ಫೈಲಿನ ಒಡೆಯನ ಅಧಿಕಾರದಲ್ಲಿ ಓಡುತ್ತದೆ. ಡೆನ್ನಿಸ್ ರಿಚಿ ಅದಕ್ಕೆ 1973ರಲ್ಲಿ ಪೇಟೆಂಟ್ ಅರ್ಜಿ ಹಾಕಿ, 1979ರಲ್ಲಿ ಪೇಟೆಂಟ್ ಸಿಕ್ಕಿತ್ತು. ಪಾಸ್‌ವರ್ಡ್ ಬದಲಿಸುವ ಕಮಾಂಡ್ ಇವತ್ತಿಗೂ ಅದರ ಬಲದಿಂದಲೇ, ಸಾಮಾನ್ಯ ಯೂಸರ್ ಓಡಿಸಿದರೂ ರೂಟ್‌ನ ಫೈಲನ್ನು ತಿದ್ದುತ್ತದೆ. ಆದರೆ ಲಿನಕ್ಸ್ ಸ್ಕ್ರಿಪ್ಟುಗಳ ಮೇಲಿನ ಈ ಬಿಟ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಸಲಹೆ ಅಲ್ಲಿಗೇ ನಿಂತದ್ದು ಒಳ್ಳೆಯದಾಯಿತು.

ತಿರುವು

ಅಲ್ಲಿಯವರೆಗೆ ಎಲ್ಲರೂ ನೋಡಿದ್ದು ಫೈಲಿನ ಪರವಾನಗಿ ಮತ್ತು ಗ್ರೂಪುಗಳ ರಿಜಿಸ್ಟರ್, ಅಂದರೆ ಇಟಿಸಿಯೊಳಗಿನ ಗ್ರೂಪ್ ಫೈಲ್. ಬಾಗಿಲೂ ಸರಿ ಇದೆ, ರಿಜಿಸ್ಟರೂ ಸರಿ ಇದೆ. ಬಾಗಿಲ ಮುಂದೆ ನಿಂತ ಪ್ರೊಸೆಸ್ ಯಾರು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳುವುದು ಸುಲಭ: ಪ್ರಾಕ್ ಫೋಲ್ಡರಿನಲ್ಲಿ ಆ ಪ್ರೊಸೆಸ್ಸಿನ ಸಂಖ್ಯೆಯ ಕೆಳಗೆ ‘ಸ್ಟೇಟಸ್’ ಎಂಬ ಫೈಲ್ ಇರುತ್ತದೆ. ಅದರಲ್ಲಿ ಮೂರು ಸಾಲು ನಮಗೆ ಬೇಕು.

ಯುಐಡಿ: 0 998 0 998
ಜಿಐಡಿ: 0 0 0 0
ಗ್ರೂಪ್ಸ್: ಖಾಲಿ

ಡೆವಲಪರ್ ಈ ಮೂರು ಸಾಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಒಂದೊಂದಾಗಿ ಬಿಡಿಸಿದಳು. ನಾನು ಹೆಚ್ಚು ಹೇಳಬೇಕಾಗಲಿಲ್ಲ.

ಪ್ರತಿ ಪ್ರೊಸೆಸ್ಸಿಗೂ ಯೂಸರ್ ಗುರುತು ಒಂದಲ್ಲ. ಸಾಲಿನ ಮೊದಲ ಸಂಖ್ಯೆ ರಿಯಲ್ ಯುಐಡಿ, ಪ್ರೊಸೆಸ್ಸನ್ನು ಶುರು ಮಾಡಿದವರು ಯಾರು ಎಂಬುದು. ಎರಡನೆಯದು ಎಫೆಕ್ಟಿವ್, ಈಗ ಯಾರ ಅಧಿಕಾರ ನಡೆಯುತ್ತಿದೆ ಎಂಬುದು. ಮೂರನೆಯದು ಸೇವ್ಡ್, ಮತ್ತೆ ಯಾವ ಗುರುತಿಗೆ ಮರಳಬಹುದು ಎಂದು ಎತ್ತಿಟ್ಟುಕೊಂಡದ್ದು. ನಾಲ್ಕನೆಯದು ಲಿನಕ್ಸ್‌ನಲ್ಲಿ ಮಾತ್ರ ಇರುವ ಫೈಲ್‌ಸಿಸ್ಟಂ ಯುಐಡಿ. ಸಾಮಾನ್ಯವಾಗಿ ಎರಡನೆಯದರ ನೆರಳಿನಂತೆ ಅದರ ಜೊತೆಗೇ ಬದಲಾಗುತ್ತದೆ. ಗ್ರೂಪಿಗೂ ಇದೇ ನಾಲ್ಕು, ಅದರ ಮೇಲೆ ಹೆಚ್ಚುವರಿ ಗ್ರೂಪುಗಳ ಪಟ್ಟಿ.

ಆಕೆ ಬಳಸಿದ್ದು ಸೆಟ್‌ಇಯುಐಡಿ. ಅದು ಎಫೆಕ್ಟಿವ್ ಗುರುತನ್ನು ಮಾತ್ರ ಬದಲಿಸುತ್ತದೆ; ರಿಯಲ್ ಮತ್ತು ಸೇವ್ಡ್ ರೂಟ್ ಆಗಿಯೇ ಉಳಿದವು. ಹಾಗೆ ಮಾಡಲು ಕಾರಣವೂ ಇತ್ತು. ಲಾರಿ ಕಾಂಟಾ ಹತ್ತುವಾಗಿನ ಅದುರಿಗೋ ಕರೆಂಟ್ ಹೋಗಿ ಬಂದಾಗಲೋ ಯುಎಸ್‌ಬಿ ಅಡಾಪ್ಟರ್ ಬಿಟ್ಟುಹೋಗಿ ಮತ್ತೆ ಬರುತ್ತಿತ್ತು. ಆಗ ಸೀರಿಯಲ್ ಪೋರ್ಟನ್ನು ಮತ್ತೆ ತೆರೆಯಬೇಕು, ಅದಕ್ಕೆ ಒಂದು ಕ್ಷಣ ಮತ್ತೆ ರೂಟ್ ಆಗಬೇಕು. ತಾತ್ಕಾಲಿಕವಾಗಿ ಇಳಿದು ಬೇಕಾದಾಗ ಏರುವುದಕ್ಕೆಂದೇ ಸೇವ್ಡ್ ಗುರುತು ಇರುವುದು.

ಆಕ್ಸೆಸ್ ಮತ್ತು ಓಪನ್ ಬೇರೆ ಬೇರೆ ಉತ್ತರ ಕೊಟ್ಟದ್ದು ಏಕೆ ಎಂಬುದು ಇಲ್ಲೇ ಬಿಡಿಸಿಕೊಂಡಿತು. ಆಕ್ಸೆಸ್ ರಿಯಲ್ ಗುರುತನ್ನು ಇಟ್ಟುಕೊಂಡು ಉತ್ತರಿಸುತ್ತದೆ. ಸೆಟ್‌ಯುಐಡಿ ಪ್ರೋಗ್ರಾಂ ಒಂದು, ತನ್ನನ್ನು ಓಡಿಸಿದ ಯೂಸರ್‌ಗೆ ಈ ಫೈಲ್ ಓದುವ ಹಕ್ಕಿದೆಯೇ ಎಂದು ತಿಳಿಯಲಿ ಎಂದು ಮಾಡಿದ ಕಾಲ್ ಅದು. ಇಲ್ಲಿ ರಿಯಲ್ ಗುರುತು ರೂಟ್, ಆದ್ದರಿಂದ ಉತ್ತರ ‘ಇದೆ’. ಓಪನ್ ನೋಡುವುದು ಚಾಲ್ತಿಯ ಗುರುತನ್ನು; ಅದು 998, ಆದ್ದರಿಂದ ‘ಇಲ್ಲ’. ಕರ್ನಲ್ ಮಾತು ತಪ್ಪಿರಲಿಲ್ಲ. ನಾವು ಕೇಳಿದ್ದು ಇಬ್ಬರ ಬಗ್ಗೆ. ತೆರೆಯಬಹುದೇ ಎಂದು ಮೊದಲು ಕೇಳಿ ಆಮೇಲೆ ತೆರೆಯುವ ರೂಢಿಯನ್ನೇ ಆಕೆ ಅಂದೇ ಬಿಟ್ಟಳು. ತೆರೆದು ನೋಡುವುದು, ಸೋತರೆ ಕಾರಣ ಬರೆಯುವುದು, ಅಷ್ಟೇ. ಕೇಳುವುದಕ್ಕೂ ತೆರೆಯುವುದಕ್ಕೂ ನಡುವೆ ಫೈಲ್ ಬದಲಾಗಬಹುದು ಎಂಬ ಇನ್ನೊಂದು ಅಪಾಯವೂ ಇದರಿಂದ ತಪ್ಪುತ್ತದೆ.

ಇನ್ನು ಎರಡನೇ ಸಾಲಿನ ನಾಲ್ಕು ಸೊನ್ನೆ. ಕೋಡಿನಲ್ಲಿ ಸೆಟ್‌ಇಯುಐಡಿಯ ಕೆಳಗಿನ ಸಾಲೇ ಸೆಟ್‌ಇಜಿಐಡಿ, 998. ಬರೆದದ್ದು ಸರಿ, ಬರೆದ ಜಾಗ ತಪ್ಪು. ಗ್ರೂಪನ್ನು ಮನಸ್ಸಿಗೆ ಬಂದಂತೆ ಬದಲಿಸುವ ಅಧಿಕಾರ ರೂಟ್‌ನದು. ಎಫೆಕ್ಟಿವ್ ಯುಐಡಿ ಸೊನ್ನೆಯಿಂದ 998ಕ್ಕೆ ಇಳಿದ ಕೂಡಲೇ ಕರ್ನಲ್ ಆ ಅಧಿಕಾರವನ್ನು ಚಾಲ್ತಿಯಿಂದ ತೆಗೆಯಿತು. ಮುಂದಿನ ಸಾಲು ಇಪರ್ಮ್ (ಅಧಿಕಾರವಿಲ್ಲ) ಎಂಬ ದೋಷದೊಂದಿಗೆ ಸೋತಿತು. ಕೋಡ್ ಆ ಉತ್ತರವನ್ನು ಕೇಳಿಸಿಕೊಳ್ಳದೆ ಮುಂದಕ್ಕೆ ನಡೆಯಿತು. ಅಂದಿನಿಂದ ಆ ಪ್ರೊಸೆಸ್ ಕಾಂಟಾ ಯೂಸರ್ ಆದರೂ ರೂಟ್ ಗ್ರೂಪಿನ ಸದಸ್ಯ. ಚೀಟಿಗಳಿಗೆ ರೂಟ್ ಗ್ರೂಪ್ ಬಂದದ್ದು ಇಲ್ಲಿಂದ. ಇನ್ನೂ ಗಂಭೀರವಾದದ್ದು, 0640 ಇದ್ದ ಎಸ್ಸೆಮ್ಮೆಸ್ ಪಾಸ್‌ವರ್ಡ್ ಫೈಲನ್ನು ಈ ಪ್ರೊಸೆಸ್ ಇಳಿದ ಮೇಲೂ ಯಾವಾಗ ಬೇಕಾದರೂ ಓದಬಹುದಾಗಿತ್ತು. ಇಳಿಯುವ ಉದ್ದೇಶವೇ ಅದನ್ನು ತಡೆಯುವುದಾಗಿತ್ತು.

ಮೂರನೇ ಸಾಲು, ಖಾಲಿ ಇದ್ದದ್ದು. ಲಾಗಿನ್ ಆಗುವಾಗ, ಸುಡೊ ಓಡುವಾಗ, ಆ ಪ್ರೋಗ್ರಾಂಗಳು ಇನಿಟ್‌ಗ್ರೂಪ್ಸ್ ಎಂಬ ಫಂಕ್ಷನ್ ಕರೆದು ರಿಜಿಸ್ಟರ್ ಓದಿ ಹೆಚ್ಚುವರಿ ಗ್ರೂಪುಗಳನ್ನು ಪ್ರೊಸೆಸ್ಸಿಗೆ ತೊಡಿಸುತ್ತವೆ. ಆಮೇಲೆ ಹುಟ್ಟುವ ಪ್ರತಿ ಮರಿ ಪ್ರೊಸೆಸ್ಸಿಗೂ ಅದು ಬಳುವಳಿಯಾಗಿ ಬರುತ್ತದೆ. ಯುಐಡಿ ಬದಲಿಸಿದ ಮಾತ್ರಕ್ಕೆ ಗ್ರೂಪುಗಳು ಬರುವುದಿಲ್ಲ. ಕರ್ನಲ್ಲಿಗೆ ಇಟಿಸಿಯೊಳಗಿನ ಫೈಲುಗಳ ಪರಿಚಯವೇ ಇಲ್ಲ. ಈ ಪ್ರೋಗ್ರಾಂ ಇನಿಟ್‌ಗ್ರೂಪ್ಸ್ ಕರೆದೇ ಇರಲಿಲ್ಲ. ಸರ್ವಿಸನ್ನು ಎಷ್ಟು ಸಲ ಮರುಚಾಲೂ ಮಾಡಿದ್ದರೂ ಲೆಕ್ಕ ಗ್ರೂಪ್ ಅದಕ್ಕೆ ಸಿಗುತ್ತಿರಲಿಲ್ಲ.

ಉತ್ತರ ಕೇಳಿಸಿಕೊಳ್ಳದೆ ಮುಂದೆ ಹೋಗುವ ಈ ರೂಢಿ ಹೊಸಬರದ್ದು ಮಾತ್ರ ಎಂದುಕೊಳ್ಳಬಾರದು. ಲಿನಕ್ಸ್ 2.2ರ ಕಾಲದಲ್ಲಿ, ಅಧಿಕಾರ ಕಸಿದ ಸ್ಥಿತಿಯಲ್ಲಿ ಸೆಂಡ್‌ಮೇಲ್ ಎಂಬ ಇಮೇಲ್ ಪ್ರೋಗ್ರಾಮನ್ನು ಓಡಿಸಿ, ಅದು ರೂಟ್ ಗುರುತು ಬಿಟ್ಟೆನೆಂದುಕೊಂಡು ಬಿಡದೆ ಉಳಿಯುವಂತೆ ಮಾಡಬಹುದಾಗಿತ್ತು. 2000ದಲ್ಲಿ 2.2.16 ಕರ್ನಲ್ ಬಂದು ಅದನ್ನು ಸರಿಪಡಿಸಿತು. ಲಿನಕ್ಸ್ 3.1ಕ್ಕಿಂತ ಮೊದಲು ಆ ಯೂಸರ್‌ನ ಪ್ರೊಸೆಸ್‌ಗಳ ಮಿತಿ ಮೀರಿದ್ದರೂ ಸೆಟ್‌ಯುಐಡಿ ಸೋಲುತ್ತಿತ್ತು, ಕರೆದವರು ರೂಟ್ ಆಗಿಯೇ ಮುಂದುವರಿಯುತ್ತಿದ್ದರು. ಅನುಭವಿಗಳು ಬರೆದ ಕೋಡೂ ಇದರಲ್ಲಿ ಎಡವಿದೆ.

ಯಾವ ದಾರಿ ಎಂಬ ಚರ್ಚೆ

ಕಾರಣ ತಿಳಿದ ಮೇಲೆ ಎರಡು ಸಾಲುಗಳ ಸ್ಥಾನ ಬದಲಿಸಿ, ಇನಿಟ್‌ಗ್ರೂಪ್ಸ್ ಸೇರಿಸಿ ಮನೆಗೆ ಹೋಗಬಹುದಿತ್ತು. ಪಟ್ಟಿ ಓದುತ್ತಿತ್ತು, ಚೀಟಿ ಸಿಗುತ್ತಿತ್ತು, ಹಂಗಾಮಿನ ನಡುವೆ ಮಾಲೀಕರಿಗೆ ಅದಷ್ಟೇ ಸಾಕಿತ್ತು. ಆದರೆ ಯುಐಡಿ ಸಾಲಿನ ಎರಡು ಸೊನ್ನೆ ಹಾಗೇ ಉಳಿಯುತ್ತಿದ್ದವು. ಸೇವ್ಡ್ ಗುರುತು ರೂಟ್ ಇರುವವರೆಗೆ, ಆ 80ನೇ ಪೋರ್ಟಿನ ಮೂಲಕ ಯಾರಾದರೂ ಪ್ರೊಸೆಸ್ಸಿನೊಳಗೆ ತಮ್ಮ ಕೋಡ್ ತೂರಿಸಿದರೆ ಅವರು ಮಾಡಬೇಕಾದದ್ದು ಒಂದೇ ಕಾಲ್: ಸೆಟ್‌ಇಯುಐಡಿ, ಸೊನ್ನೆ. ತಾತ್ಕಾಲಿಕ ಇಳಿತ ನಮ್ಮದೇ ಎಡವಟ್ಟುಗಳಿಂದ ಕಾಪಾಡುತ್ತದೆ, ಹೊರಗಿನ ದಾಳಿಯಿಂದ ಕಾಪಾಡುವುದಿಲ್ಲ. ಚೀಟಿ ತಿದ್ದಿದ ಪ್ರಸಂಗ ಆಗಿಹೋದ ಮೇಲೆ ಇದನ್ನು ಹಾಗೇ ಬಿಡಬಾರದು ಎಂದು ನಾನು ಪಟ್ಟು ಹಿಡಿದೆ.

ಡೆವಲಪರ್‌ನ ಆಕ್ಷೇಪವೂ ಬಲವಾಗಿತ್ತು. ಶಾಶ್ವತವಾಗಿ ಇಳಿದರೆ ಅಡಾಪ್ಟರ್ ಬಿಟ್ಟು ಬಂದಾಗ ಏನು ಮಾಡುವುದು? ನಡುರಾತ್ರಿ ಕಾಂಟಾ ನಿಂತರೆ ಹಮಾಲರು, ಚಾಲಕರು ಎಲ್ಲರೂ ಕಾಯಬೇಕು. ಆಗ ನಾವು ಕೋಡಿನಲ್ಲಿ ಮತ್ತೆ ರೂಟ್‌ಗೆ ಏರುವ ಜಾಗಗಳನ್ನೆಲ್ಲ ಹುಡುಕಿ ಒಂದೊಂದನ್ನೂ ಪ್ರಶ್ನಿಸಿದೆವು. ಮೂರು ಸಿಕ್ಕವು.

ಸೀರಿಯಲ್ ಪೋರ್ಟಿಗೆ ರೂಟ್ ಬೇಕಿಲ್ಲ, ಡಯಲ್‌ಔಟ್ ಗ್ರೂಪ್ ಸಾಕು. ರೂಟ್ ಬೇಕು ಎಂದು ಆಕೆಗೆ ಅನಿಸಿದ್ದೇಕೆಂದರೆ, ಹಿಂದೊಮ್ಮೆ ಕಾಂಟಾ ಯೂಸರ್‌ನನ್ನು ಆ ಗ್ರೂಪಿಗೆ ಸೇರಿಸಿ ನೋಡಿ, ಕೆಲಸ ಮಾಡದೆ ಬಿಟ್ಟಿದ್ದಳು. ಅದು ಕೆಲಸ ಮಾಡದ್ದಕ್ಕೂ ಇನಿಟ್‌ಗ್ರೂಪ್ಸ್ ಇಲ್ಲದ್ದೇ ಕಾರಣ. ಒಂದು ಲೋಪವನ್ನು ಸುತ್ತಿ ಹೋಗಲು ಇನ್ನೊಂದು ದೊಡ್ಡ ಅಧಿಕಾರವನ್ನು ಉಳಿಸಿಕೊಂಡಿದ್ದಾಯಿತು. ಲಾಗ್ ಫೈಲ್ ವಾರಕ್ಕೊಮ್ಮೆ ಹೊಸದಾಗುವಾಗ ಅದನ್ನು ಮತ್ತೆ ತೆರೆಯಲು ರೂಟ್ ಆಗುತ್ತಿತ್ತು. ಹೊಸ ಲಾಗ್ ಫೈಲಿನ ಒಡೆತನವನ್ನೇ ಕಾಂಟಾ ಯೂಸರ್‌ಗೆ ಕೊಡುವಂತೆ, ಲಾಗ್ ಬದಲಿಸುವ ಲಾಗ್‌ರೊಟೇಟ್‌ಗೆ ಹೇಳಿದರೆ ಅದೂ ಮುಗಿಯಿತು. ಮೂರನೆಯದು ಪಾಸ್‌ವರ್ಡ್ ಫೈಲ್. ಬದಲಾದರೆ ಮತ್ತೆ ಓದಲು. ವರ್ಷಕ್ಕೊಮ್ಮೆ ಬದಲಾಗುವ ಪಾಸ್‌ವರ್ಡಿಗೆ ಸರ್ವಿಸನ್ನೇ ಮರುಚಾಲೂ ಮಾಡಿದರಾಯಿತು.

80ನೇ ಪೋರ್ಟ್ ಈ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಒಮ್ಮೆ ತೆರೆದರೆ ಸಾಕು. ಪರವಾನಗಿ ನೋಡುವುದು ತೆರೆಯುವಾಗ. ತೆರೆದ ಮೇಲೆ ಗುರುತು ಬದಲಾದರೂ ತೆರೆದದ್ದು ಪ್ರೊಸೆಸ್ಸಿನ ಕೈಯಲ್ಲೇ ಉಳಿಯುತ್ತದೆ. ಇದರಿಂದ ಅನುಕೂಲವಿರುವ ಹಾಗೆಯೇ ಅಪಾಯವೂ ಇದೆ: ರೂಟ್ ಆಗಿದ್ದಾಗ ತೆರೆದ ಪಾಸ್‌ವರ್ಡ್ ಫೈಲನ್ನು ಮುಚ್ಚದೆ ಇಳಿದರೆ ಇಳಿದವನ ಕೈಯಲ್ಲೂ ಅದು ತೆರೆದೇ ಇರುತ್ತದೆ. ಕೋಡ್ ಅದನ್ನು ಮುಚ್ಚುತ್ತಿರಲಿಲ್ಲ, ಈಗ ಮುಚ್ಚುತ್ತದೆ.

ಹೊಸ ಕ್ರಮ ಹೀಗಾಯಿತು. 80ನೇ ಪೋರ್ಟು, ಪಾಸ್‌ವರ್ಡ್ ಎಲ್ಲ ಮುಗಿದ ಮೇಲೆ ಮೊದಲು ಇನಿಟ್‌ಗ್ರೂಪ್ಸ್, ಆಮೇಲೆ ಸೆಟ್‌ರೆಸ್‌ಜಿಐಡಿ, ಕೊನೆಗೆ ಸೆಟ್‌ರೆಸ್‌ಯುಐಡಿ. ಗ್ರೂಪುಗಳನ್ನು ಬದಲಿಸುವ ಅಧಿಕಾರವನ್ನು ಯುಐಡಿ ಕಸಿದುಕೊಳ್ಳುವುದರಿಂದ ಯುಐಡಿ ಕೊನೆಗೇ ಬರಬೇಕು. ರಿಯಲ್, ಎಫೆಕ್ಟಿವ್, ಸೇವ್ಡ್ ಮೂರನ್ನೂ ಹೆಸರಿಟ್ಟು ಕೊಡುವ ‘ರೆಸ್’ ಕಾಲ್‌ಗಳನ್ನೇ ಆರಿಸಿದ್ದಕ್ಕೆ ಕಾರಣ, ಬರಿಯ ಸೆಟ್‌ಯುಐಡಿ ಕರೆದವರ ಅಧಿಕಾರ ನೋಡಿ ಬೇರೆ ಬೇರೆ ರೀತಿ ನಡೆಯುತ್ತದೆ. ಅಧಿಕಾರ ಇದ್ದರೆ ಮೂರನ್ನೂ ಬದಲಿಸುತ್ತದೆ, ಇಲ್ಲದಿದ್ದರೆ ಎಫೆಕ್ಟಿವ್ ಒಂದನ್ನೇ. ಓದುವವರಿಗೆ ಒಂದೇ ನೋಟಕ್ಕೆ ಅರ್ಥವಾಗುವ ಕೋಡ್ ಇಂಥ ಜಾಗದಲ್ಲಿ ಬೇಕು. ಪ್ರತಿ ಕಾಲ್‌ನ ಉತ್ತರ ನೋಡಿ, ಸೋತರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಇಳಿದ ಮೇಲೆ ಮತ್ತೆ ರೂಟ್ ಯೂಸರ್, ರೂಟ್ ಗ್ರೂಪ್ ಆಗಲು ಬೇಕೆಂದೇ ಯತ್ನಿಸುತ್ತದೆ. ಆ ಯತ್ನ ಗೆದ್ದರೂ ನಿಲ್ಲುತ್ತದೆ. ಕೊನೆಗೆ ತನ್ನ ಯುಐಡಿ, ಜಿಐಡಿ, ಗ್ರೂಪುಗಳನ್ನು ಲಾಗಿನಲ್ಲಿ ಒಂದು ಸಾಲು ಬರೆದು ಕೆಲಸಕ್ಕೆ ತೊಡಗುತ್ತದೆ.

ಚೀಟಿಗಳಿಗೆ ಕಾಂಟಾ ಬರೆಯಬಹುದು, ಲೆಕ್ಕ ಗ್ರೂಪ್ ಓದಬಹುದು, ಉಳಿದವರಿಗೆ ಏನೂ ಇಲ್ಲ. ಗಾಡಿ ನಂಬರು ತಪ್ಪಾದರೆ ಫೈಲ್ ತಿದ್ದುವಂತಿಲ್ಲ, ಪ್ರೋಗ್ರಾಂ ಮೂಲಕ ತಿದ್ದುಪಡಿ ಚೀಟಿ ಮಾಡಬೇಕು. ಇದಕ್ಕೆ ಮುನೀಮರೇ ಮೊದಲು ಒಪ್ಪಿದರು.

ನಡೆದದ್ದು

ಗೇಟು ಮುಚ್ಚಿದ ಮೇಲೆ ಹೊಸ ಪ್ರೋಗ್ರಾಂ ಹಾಕಿ, ಕೇಬಲ್ ಕಿತ್ತು ಹಾಕಿ, ಕರೆಂಟ್ ತೆಗೆದು, ಲಾಗ್ ಬದಲಿಸಿ ನೋಡಿದೆವು. ಸ್ಟೇಟಸ್ ಫೈಲಿನಲ್ಲಿ ಎರಡೂ ಸಾಲುಗಳಲ್ಲಿ 998 ನಾಲ್ಕು ನಾಲ್ಕು ಸಲ ಬಂತು, ಗ್ರೂಪ್ಸ್ ಸಾಲಿನಲ್ಲಿ 998ರ ಜೊತೆ ಡಯಲ್‌ಔಟ್ ಮತ್ತು ಲೆಕ್ಕದ ಸಂಖ್ಯೆಗಳು. ಮರುದಿನದ ಮೊದಲ ಚೀಟಿಯಲ್ಲೇ ಅಡತಿ ಹೆಸರು, ಲಾಟ್ ನಂಬರು ಮೂಡಿದವು.

ನಿಜವಾದ ಪರೀಕ್ಷೆ ಸ್ವಲ್ಪ ದಿನ ಬಿಟ್ಟು ಬಂತು. ತಂತ್ರಜ್ಞರು ಪ್ರಿಂಟರ್ ಬದಲಿಸುವಾಗ ಕಾಂಟಾ ಯೂಸರ್‌ನನ್ನು ಪ್ರಿಂಟರಿನ ಗ್ರೂಪಿಗೆ ಸೇರಿಸಲು ಯೂಸರ್‌ಮಾಡ್ ಬಳಸಿದರು. ದೊಡ್ಡ ‘ಜಿ’ ಆಯ್ಕೆಯ ಜೊತೆ ಸಣ್ಣ ‘ಎ’ ಕೊಡಲಿಲ್ಲ. ‘ಎ’ ಇಲ್ಲದಿದ್ದರೆ ಆ ಕಮಾಂಡ್ ಸೇರಿಸುವುದಿಲ್ಲ, ಹಳೆಯ ಹೆಚ್ಚುವರಿ ಗ್ರೂಪುಗಳನ್ನೆಲ್ಲ ತೆಗೆದು ಕೊಟ್ಟದ್ದನ್ನಷ್ಟೇ ಉಳಿಸುತ್ತದೆ. ಸಂಜೆ ಏನೂ ಆಗಲಿಲ್ಲ. ಓಡುತ್ತಿದ್ದ ಪ್ರೊಸೆಸ್ ತನ್ನ ಹಳೆಯ ಗ್ರೂಪುಗಳನ್ನೇ ಇಟ್ಟುಕೊಂಡು ರಾತ್ರಿಯಿಡೀ ತೂಗಿತು. ಬೆಳಿಗ್ಗೆ ಮರುಚಾಲೂ ಆದಾಗ ಸೀರಿಯಲ್ ಪೋರ್ಟೂ ಇಲ್ಲ, ಪಟ್ಟಿಯೂ ಇಲ್ಲ. ಮೊದಲಿನ ದಿನಗಳಾಗಿದ್ದರೆ ಮತ್ತೆ 777 ಬರುತ್ತಿತ್ತು. ಈ ಸಲ ಡೆವಲಪರ್ ಫೋನಿನಲ್ಲೇ ಮುನೀಮರಿಗೆ ಲಾಗಿನ ಮೊದಲ ಸಾಲು ಓದಲು ಹೇಳಿದಳು. “ಕಾಕಾ, ಗ್ರೂಪ್ಸ್ ಅಂತ ಅದಲ್ರೀ, ಅದರ ಮುಂದ ಎಷ್ಟು ನಂಬರ್ ಅವ?” ಇರಬೇಕಾದ ಎರಡು ಸಂಖ್ಯೆಗಳು ಇರಲಿಲ್ಲ, 998ರ ಜೊತೆ ಬೇರೊಂದು ಮಾತ್ರ ಇತ್ತು. ಕಾರಣ ಅಲ್ಲೇ ಗೊತ್ತಾಯಿತು, ಗಾಡಿಗಳ ಸಾಲು ಗೇಟು ದಾಟುವ ಮೊದಲೇ ಕಾಂಟಾ ಚಾಲೂ ಆಯಿತು.

ಹಂಗಾಮು ಮುಗಿದ ಮೇಲೆ ಇನ್ನೊಂದು ಹೆಜ್ಜೆ ಇಟ್ಟೆವು. ರೂಟ್ ಆಗಿ ಶುರುವಾಗುವ ಮೂರು ಕಾರಣಗಳಲ್ಲಿ ಒಂದು ಆಗಲೇ ಹೋಗಿತ್ತು. ಉಳಿದ ಎರಡನ್ನು, ಸರ್ವಿಸುಗಳನ್ನು ಶುರು ಮಾಡುವ ಸಿಸ್ಟಂಡಿ ವಹಿಸಿಕೊಳ್ಳಬಲ್ಲದು. ಸರ್ವಿಸ್ ಫೈಲಿನಲ್ಲಿ ಯೂಸರ್, ಗ್ರೂಪ್, ಹೆಚ್ಚುವರಿ ಗ್ರೂಪುಗಳನ್ನು ಬರೆದೆವು. 1024ರ ಕೆಳಗಿನ ಪೋರ್ಟ್ ಹಿಡಿಯುವ ಅಧಿಕಾರವನ್ನು ಮಾತ್ರ ಆಂಬಿಯೆಂಟ್ ಕೇಪೆಬಿಲಿಟಿಯಾಗಿ (ರೂಟ್ ಅಲ್ಲದ ಪ್ರೋಗ್ರಾಮಿಗೂ ಸಿಗುವ ಬಿಡಿ ಅಧಿಕಾರವಾಗಿ) ಕೊಟ್ಟೆವು. ಪಾಸ್‌ವರ್ಡ್ ಫೈಲನ್ನು ಸಿಸ್ಟಂಡಿಯೇ ಓದಿ ಈ ಸರ್ವಿಸಿಗೆ ಮಾತ್ರ ಕಾಣುವ ಜಾಗದಲ್ಲಿ ಇಡುವ ಲೋಡ್‌ಕ್ರೆಡೆನ್ಶಿಯಲ್ ಬಳಸಿದೆವು. ಅದು ಸಿಸ್ಟಂಡಿ 247ರಿಂದ ಇದೆ. ಈಗ ಪ್ರೋಗ್ರಾಂ ಒಂದು ಕ್ಷಣವೂ ರೂಟ್ ಅಲ್ಲ, ಇಳಿಯುವ ಕೋಡೇ ಬೇಕಾಗಿಲ್ಲ. ಹೊಸದಾಗಿ ಬರೆಯುವವರು ಮೊದಲೇ ಈ ದಾರಿ ಹಿಡಿಯಲಿ ಎಂಬುದು ನನ್ನ ಒತ್ತಾಯದ ಮಾತು. ಆದರೂ ಆಕೆ ಪರೀಕ್ಷೆಯ ಭಾಗವನ್ನು ಉಳಿಸಿಕೊಂಡಿದ್ದಾಳೆ: ಯಾರಾದರೂ ಪ್ರೋಗ್ರಾಮನ್ನು ಕೈಯಾರೆ ರೂಟ್ ಆಗಿ ಓಡಿಸಿದರೆ ಅದು ಓಡಲು ಒಪ್ಪುವುದಿಲ್ಲ. ಅದು ಸರಿಯಾದ ನಿರ್ಧಾರ.

ಮಾಲೀಕರ ಸಂಬಂಧಿಕರ ಇನ್ನೊಂದು ಮಿಲ್ಲಿನಲ್ಲೂ ಈಗ ಇದೇ ಪ್ರೋಗ್ರಾಂ ಹಾಕುವ ತಯಾರಿ ನಡೆದಿದೆ, ಎರಡೂ ಕಡೆಯ ಚೀಟಿಗಳನ್ನು, ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಎನ್‌ಎಫ್‌ಎಸ್ ಮೂಲಕ ಒಂದೇ ಜಾಗದಲ್ಲಿ ಇಡಬೇಕಂತೆ. ಅಲ್ಲಿನ ಕಂಪ್ಯೂಟರಿನಲ್ಲಿ 998 ಬೇರೊಂದು ಸರ್ವಿಸಿನ ಯೂಸರ್‌ನದಾಗಿದೆ. ಎನ್‌ಎಫ್‌ಎಸ್‌ನ ಸಾಮಾನ್ಯ ವಿಧಾನದಲ್ಲಿ ಹೆಸರು ಹೋಗುವುದಿಲ್ಲ, ಸಂಖ್ಯೆ ಹೋಗುತ್ತದೆ. ಗ್ರೂಪುಗಳಲ್ಲಿಯೂ 16 ಮಾತ್ರ ಹೋಗುತ್ತವೆ. ಹೀಗೇ ಬಿಟ್ಟರೆ ಅಲ್ಲಿನ ಆ ಸರ್ವಿಸ್ ಇಲ್ಲಿನ ಚೀಟಿಗಳ ಒಡೆಯನಾಗಿಬಿಡುತ್ತದೆ. ಹಾಗಾಗಿ ಕಾಂಟಾ ಯೂಸರ್‌ಗೆ ಎರಡೂ ಕಂಪ್ಯೂಟರಿನಲ್ಲಿ ಖಾಲಿ ಇರುವ ಒಂದೇ ಸಂಖ್ಯೆಯನ್ನು ಮೊದಲೇ ಗೊತ್ತು ಮಾಡಿ, ಹಳೆಯ ಚೀಟಿಗಳ ಒಡೆತನವನ್ನು ಅದಕ್ಕೆ ಬದಲಿಸಿದ ಮೇಲೆಯೇ ಎರಡನ್ನೂ ಜೋಡಿಸುವುದೆಂದು ತೀರ್ಮಾನವಾಗಿದೆ.